ಬೆಳ್ಳಕ್ಕ ಮೂಸುವುದನ್ನು ಬಿಟ್ಟಳು

ಹೊಳೆ ಬಳಸಿ ಹರಿಯುವ ಒಂದು ಕಾಡಿನಲ್ಲಿ ಬೆಳ್ಳಕ್ಕ ಎಂಬ ಮೊಲ ತನ್ನ ಮರಿ ಚಿಗುರನ ಜೊತೆ ಇದ್ದಳು. ಪಕ್ಕದಲ್ಲೇ ಮುಳ್ಳಜ್ಜಿಯ ತೋಟ. ಮುಳ್ಳಜ್ಜಿ ಎಂದರೆ ಮುದಿ ಮುಳ್ಳುಹಂದಿ. ಬಾಯಿ ಜೋರು, ಕೈ ಧಾರಾಳ. ಅಲ್ಲಿ ಯಾರು ಬೇಕಾದರೂ ಮಡಿಗೆ ಇಳಿದು, ಮೂಸಿ ನೋಡಿ, ಬೇಕಾದ ಸೊಪ್ಪನ್ನು ತಾವೇ ಕೀಳಬಹುದಿತ್ತು. ಬದಲಿಗೆ ಒಂದಿಷ್ಟು ಹಲಸಿನ ಬೀಜ ಕೊಟ್ಟರೆ ಸಾಕು. ಮೇಲೆ ಕೊಸರೂ ಸಿಗುತ್ತಿತ್ತು. "ತಗೊಳ್ಳೇ, ಇದು ಮಗೂಗೆ" ಎಂದು ಅಜ್ಜಿ ಎಳೆ ದಂಟೊಂದನ್ನು ಚಿಗುರನ ಬಾಯಿಗೇ ಇಡುತ್ತಿದ್ದಳು.

ಹೀಗಿರುವಾಗ ಜಂಬಣ್ಣ ಎಂಬ ನರಿ ಬಂಡೆಯ ಮೇಲೆ ಅಂಗಡಿ ಹೂಡಿದ. ಬೆಟ್ಟಗಳಾಚೆಯಿಂದ ತಂದ ಸೊಪ್ಪಂತೆ! ಎಲೆಗಳಿಗೆ ಎಣ್ಣೆ ಸವರಿ ಮಿರಮಿರ ಮಿಂಚಿಸಿದ್ದ. ಪ್ರತಿ ಕಟ್ಟಿಗೂ ಒಂದು ಸಂಪಿಗೆ ಹೂ ಸಿಕ್ಕಿಸಿದ್ದ. ಬೆಳ್ಳಕ್ಕ ಅಭ್ಯಾಸದಂತೆ ಮೂಗು ಮುಂದೆ ಚಾಚಿದಳು.

"ಛೆ ಛೆ, ಏನಕ್ಕಾ ಇದು! ಮೂಸಿ ನೋಡೋದೆಲ್ಲ ಹಳೇ ಕಾಲದವರ ಚಾಳಿ. ದೊಡ್ಡ ಕಾಡುಗಳಲ್ಲಿ ಯಾರೂ ಹೀಗೆ ಮಾಡಲ್ಲ. ಇವತ್ತು ಬೆಳಿಗ್ಗೆ ಕೊಯ್ದದ್ದು, ನಂಬಿ."

ಸುತ್ತಲಿದ್ದವರು ಕಿಸಕ್ಕನೆ ನಕ್ಕರು. ಬೆಳ್ಳಕ್ಕನಿಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು. ಅಂದಿನಿಂದ ಅವಳು ಮೂಸುವುದನ್ನೇ ಬಿಟ್ಟಳು. ಮೂಸದ ಮೊಲವನ್ನು ಯಾರಾದರೂ ಕಂಡಿದ್ದಾರೆಯೇ? ಆದರೂ ಬಿಟ್ಟಳು, ಜಂಬಣ್ಣನ ಕಟ್ಟುಗಳನ್ನೇ ಕೊಳ್ಳತೊಡಗಿದಳು. ಮುಳ್ಳಜ್ಜಿಯ ಮಣ್ಣು ಮೆತ್ತಿದ ಸೊಪ್ಪು ಅವಳಿಗಷ್ಟೇ ಅಲ್ಲ, ಇಡೀ ಕಾಡಿಗೇ ಬೇಡವಾಯಿತು.

ಒಂದು ಬೆಳಿಗ್ಗೆ ಚಿಗುರ ಏಳಲೇ ಇಲ್ಲ. ಹೊಟ್ಟೆ ಕಲ್ಲಾಗಿತ್ತು, ಕಿವಿ ತಣ್ಣಗಾಗಿತ್ತು. ಬೆಳ್ಳಕ್ಕ ಅವನನ್ನು ಮಡಿಲಿಗೆ ಎಳೆದುಕೊಂಡಳು. ದೃಷ್ಟಿ ತಾಗಿತೇ? ಮಗು ಸೋತಿದೆ, ಒಳ್ಳೆಯದನ್ನು ತಿನ್ನಿಸಬೇಕು ಎಂದುಕೊಂಡು ಜಂಬಣ್ಣನ ಕಟ್ಟನ್ನೇ ಬಿಚ್ಚಿ ಇನ್ನಷ್ಟು ತಿನ್ನಿಸಿದಳು. ಚಿಗುರ ಇನ್ನಷ್ಟು ನರಳಿದ.

"ಅಮ್ಮಾ, ಅದು ಬೇಡಮ್ಮಾ. ವಾಸನೆ."

ಬೆಳ್ಳಕ್ಕ ಆ ಕಟ್ಟಿಗೆ ಮೂಗು ತಾಗಿಸಿದಳು. ಸಂಪಿಗೆಯ ಹಿಂದೆ ಕೊಳೆತ ನಾತ! ಒಳಗಿನ ಎಲೆಗಳು ಕಪ್ಪಾಗಿ ಲೋಳೆಯಾಗಿದ್ದವು. ಇದನ್ನು ನನ್ನ ಕೈಯಾರೆ ತಿನ್ನಿಸಿದೆನಲ್ಲ ಎಂದು ಅವಳ ಕರುಳು ಕಿತ್ತು ಬಂತು.

ಮಗುವನ್ನು ಬೆನ್ನಿಗೆ ಹಾಕಿಕೊಂಡು ತೋಟಕ್ಕೆ ಓಡಿದಳು. ದಾರಿಯುದ್ದಕ್ಕೂ ಒಂದೇ ಭಯ. ಕೊಳ್ಳುವವರಿಲ್ಲದೆ ಮುಳ್ಳಜ್ಜಿ ಹೊಳೆಯಾಚೆ ಹೊರಟಿದ್ದಾಳೆ ಎಂದು ಅಳಿಲುಗಳು ಮಾತಾಡಿಕೊಂಡಿದ್ದವು. ಹೊರಟೇ ಹೋಗಿದ್ದರೆ? ಇದ್ದರೂ ಮುಖ ನೋಡದೆ ಅಟ್ಟಿದರೆ? ಬೆನ್ನ ಮೇಲೆ ಮಗುವಿನ ಉಸಿರು ಸಣ್ಣಗಾಗುತ್ತಿತ್ತು.

ತೋಟದಲ್ಲಿ ಮಡಿಗಳೆಲ್ಲ ಒಣಗಿ ಬಾಯಿಬಿಟ್ಟಿದ್ದವು. ಮುಳ್ಳಜ್ಜಿ ಗಂಟು ಕಟ್ಟುತ್ತಿದ್ದಳು.

"ಏನು ಬೆಳ್ಳಕ್ಕ, ದಾರಿ ತಪ್ಪಿ ಬಂದೆಯಾ?"

"ಅಜ್ಜೀ, ನಂಗೆ ಏನು ಬೇಕಾದರೂ ಬೈಯಿರಿ. ಮಗು..." ಎಂದು ಬೆಳ್ಳಕ್ಕ ಚಿಗುರನನ್ನು ಅವಳ ಮುಂದೆ ಇಳಿಸಿದಳು.

ಮುಳ್ಳಜ್ಜಿ ಚಿಗುರನ ಹೊಟ್ಟೆ ಮುಟ್ಟಿ ನೋಡಿದಳು. ಗಂಟು ಕೆಳಗಿಟ್ಟಳು. "ಮೊದಲು ಮಗು. ಬೈಯೋದು ಆಮೇಲೆ. ಬೈದೇ ಬೈತೀನಿ, ಬಿಡಲ್ಲ."

ಮೂಲೆಯಲ್ಲಿ ಒಂದೇ ಒಂದು ಮಡಿ ಹಸಿರಾಗಿತ್ತು. ಬೀಜಕ್ಕೆಂದು ಅಜ್ಜಿ ಉಳಿಸಿಕೊಂಡಿದ್ದ ಮೆಂತ್ಯ. ಅದನ್ನು ಕಿತ್ತರೆ ಮುಂದಿನ ಬಿತ್ತನೆಗೆ ಅವಳ ಬಳಿ ಏನೂ ಉಳಿಯುತ್ತಿರಲಿಲ್ಲ. ಅಜ್ಜಿ ಕ್ಷಣ ನಿಂತಳು. ಆಮೇಲೆ ಕೈ ಹಾಕಿ ಕಿತ್ತಳು.

ಚಿಗುರ ಒಂದೆಸಳು ಕಚ್ಚಿದ. ಕಣ್ಣು ಮುಚ್ಚಿದ. ಬೆಳ್ಳಕ್ಕ ಅವನ ಪಕ್ಕದಲ್ಲೇ ಕುಳಿತಳು. ಬಿಸಿಲು ಇಳಿಯುವ ಹೊತ್ತಿಗೆ ಅವನು ಇನ್ನೊಂದೆಸಳು ಕೇಳಿದ.

ಮರುದಿನ ಬೆಳ್ಳಕ್ಕ ನೇರವಾಗಿ ಬಂಡೆಗೆ ಹೋದಳು. ಎಲ್ಲರೆದುರು ಒಂದು ಕಟ್ಟು ಎಳೆದು, ಬಿಚ್ಚಿ, ಮೂಸಿದಳು.

"ಮತ್ತೆ ಅದೇ ಚಾಳಿಯಾ?" ಜಂಬಣ್ಣ ನಕ್ಕ.

"ಹೌದು. ಇದನ್ನು ಬಿಟ್ಟಿದ್ದಕ್ಕೇ ನನ್ನ ಮಗು ಸಾಯೋದರಲ್ಲಿತ್ತು" ಎಂದು ಬೆಳ್ಳಕ್ಕ ಕಪ್ಪು ಎಲೆಗಳನ್ನು ನೆಲಕ್ಕೆ ಸುರಿದಳು.

ಕರಡಿ ದೊಡ್ಡಪ್ಪ ಮುಂದೆ ಬಂದ. ಅವನ ಮನೆಯಲ್ಲೂ ಮರಿಗಳು ಹೊಟ್ಟೆ ಹಿಡಿದು ಮಲಗಿದ್ದವು. "ಬೆಳಿಗ್ಗೆ ಕೊಯ್ದದ್ದು ಅಂದೆಯಲ್ಲಪ್ಪ? ಹಾಗಾದರೆ ತಿನ್ನು, ನೋಡೋಣ."

ಜಂಬಣ್ಣ ಅತ್ತಿತ್ತ ನೋಡಿದ. ದೊಡ್ಡಪ್ಪ ಅಲುಗಲಿಲ್ಲ. ಬೇರೆ ದಾರಿಯಿಲ್ಲದೆ ನುಂಗಿದ. ಸ್ವಲ್ಪ ಹೊತ್ತಿಗೆಲ್ಲ ಹೊಟ್ಟೆ ಹಿಡಿದು ಹೊರಳಾಡಿದ. ಚೇತರಿಸಿಕೊಂಡು ತನ್ನ ಗುಹೆಗೆ ಹೋದರೆ, ಮಾರಾಟವಾಗದ ಕಟ್ಟುಗಳೆಲ್ಲ ಕೊಳೆತು ಒಳಗೆ ಕಾಲಿಡಲಾಗಲಿಲ್ಲ. ಅವನು ಆ ಕಾಡನ್ನೇ ಬಿಟ್ಟು ಹೋದ.

ಕಾಡಿನವರು ಅವರವರ ಗೂಡಿನಲ್ಲಿದ್ದ ಬೀಜಗಳನ್ನು ತಂದು ಮುಳ್ಳಜ್ಜಿಗೆ ಕೊಟ್ಟರು. ಬೆಳ್ಳಕ್ಕ ತಾನೇ ಮಡಿ ಅಗೆದಳು. ಅಗೆಯುವಷ್ಟು ಹೊತ್ತೂ ಅಜ್ಜಿ ಮಾತು ಕೊಟ್ಟಂತೆ ಚೆನ್ನಾಗಿ ಬೈದಳು. ಮಗು ಓಡಾಡಲು ಶುರುಮಾಡಿದ ಮೇಲೂ ಬೆಳ್ಳಕ್ಕನ ಭಯ ಹೋಗಲಿಲ್ಲ. ಅವನು ಮಲಗಿದಾಗಲೆಲ್ಲ ಕಿವಿ ಮುಟ್ಟಿ ನೋಡುತ್ತಿದ್ದಳು.

ಹೊಸ ಮೂಲಂಗಿ ತಲೆ ಎತ್ತಿದ ದಿನ ತೋಟದಿಂದ ಮುಳ್ಳಜ್ಜಿಯ ಕೂಗು ಕೇಳಿಸಿತು. "ಏಯ್ ಕಳ್ಳಾ! ಕೇಳದೆ ಕೀಳ್ತೀಯಾ? ನಿಲ್ಲೋ!" ಚಿಗುರ ಮೂಲಂಗಿ ಕಚ್ಚಿಕೊಂಡು ಬೇಲಿ ಹಾರಿ ಓಡುತ್ತಿದ್ದ. ಅಜ್ಜಿಗೆ ಅವನು ಸಿಗಲಿಲ್ಲ. ಬೆಳ್ಳಕ್ಕ ಬಿಲದ ಬಾಗಿಲಲ್ಲೇ ಕುಳಿತು, ನಗುತ್ತಾ ನಗುತ್ತಾ ಅತ್ತುಬಿಟ್ಟಳು.

ನೀತಿ: ದೂರದಿಂದ ಬಂದ ಹೊಳಪಿಗೆ ಮರುಳಾಗಬೇಡಿ. ಹತ್ತಿರದ ತೋಟದಲ್ಲಿ ಬೆಳೆದ ತಾಜಾ ಸೊಪ್ಪನ್ನು ನೋಡಿ, ಮೂಸಿ ಕೊಳ್ಳಿ. ಅದರಿಂದ ನಿಮ್ಮ ಮಕ್ಕಳೂ ಉಳಿಯುತ್ತಾರೆ, ಅದನ್ನು ಬೆಳೆದವರೂ ಉಳಿಯುತ್ತಾರೆ.