ಕುದುರೆಯ ಮುಖ ಯಾವ ಕಡೆಗೆ?

“ನಮ್ಮ ದಂಡು ಬೀಡುಬಿಟ್ಟ ಊರೂರಲ್ಲೂ ಕಲ್ಲು ನೆಡಿಸಬೇಕು. ನೋಡಿದವರು ನಿಂತಲ್ಲೇ ಬೆವರಬೇಕು!” ಎಂದು ದಳವಾಯಿ ರಣಭೈರಪ್ಪ ಮೀಸೆ ತಿರುವಿದ.

ಕೆಂಗಲ್ಲುಗಡದ ದೊರೆ ಜಟಂಗಿನಾಯಕನಿಗೆ ಯುದ್ಧದ ಸಂಗತಿ ಅಷ್ಟಾಗಿ ಗೊತ್ತಿರಲಿಲ್ಲ. ಯುದ್ಧದ ಹೊತ್ತಿಗೆ ಸರಿಯಾಗಿ ಅವನಿಗೆ ಹಲ್ಲುನೋವು ಬಂದಿತ್ತು, ಅಥವಾ ಬಂದಿದೆಯೆಂದು ಅವನು ಹೇಳಿದ್ದ. ವೈರಿ ತನ್ನ ಮನೆಜಗಳ ಬಿಡಿಸಲು ತಾನಾಗಿಯೇ ಹಿಂದಿರುಗಿದ್ದ. ಗೆದ್ದೆವೆಂದು ದಳವಾಯಿ ಹೇಳಿದ, ದೊರೆ ನಂಬಿದ. ಈಗ ಕಲ್ಲಿಗೂ ಒಪ್ಪಿದ.

ಮೊದಲ ಕಲ್ಲಿಗೆ ಗುರುತು ಬಿದ್ದದ್ದು ಸಜ್ಜೆಹಟ್ಟಿಯ ಸಿರಿಯವ್ವನ ಕಣದ ನಟ್ಟನಡುವೆ. ಬೀಡಿನ ಕಲ್ಲು ನೆಟ್ಟ ಜಾಗದಲ್ಲಿ ಎತ್ತು ತಿರುಗುವಂತಿಲ್ಲ, ತೆನೆ ಬಡಿಯುವಂತಿಲ್ಲ. ಹೊಲದಲ್ಲಿ ಜೋಳ ಕೊಯ್ಲಿಗೆ ಬಂದಿತ್ತು. ಮುದುಕಿಗೆ ಇದ್ದದ್ದು ಅದೊಂದೇ ಕಣ. ಅವಳು ಆಸ್ಥಾನದ ವಿದೂಷಕ ಕೊಟ್ರಯ್ಯನ ಮನೆಗೆ ಹೋಗಿ ಗೋಳಾಡಿದಳು.

“ದಂಡಿನೋರು ನನ್ನ ಕೋಳಿ ತಿಂದ್ರು, ಸುಮ್ಕಿದ್ದೆ. ಈಗ ಕಣಾನೂ ತಿಂತಾರಲ್ಲೋ ಯಪ್ಪಾ!”

“ದಂಡು ಎಲ್ಲಿಂದ ಬಂತವ್ವಾ?”

“ಬಡಗಲಿಂದ. ವೈರಿ ಇದ್ದ ಕಡಿಂದ.”

“ಆಮೇಲೆ?”

“ತೆಂಕಲಿಗೆ, ಅರಮನೆ ಕಡೀಗೆ ಓಡಿದ್ರು. ಒಲೆ ಮ್ಯಾಲಿನ ತಪ್ಪಲೇನೂ ಬಿಟ್ಟು! ನಾನೀಗ ಅದ್ರಾಗೇ ಮುದ್ದೆ ಮಾಡ್ತೀನಿ.”

ಕೊಟ್ರಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. “ಕಲ್ಲು ನೆಡುವ ದಿನ ಆ ತಪ್ಪಲೆ ತಗೊಂಡು ಬಾ” ಎಂದ.

ಮರುದಿನ ಆಸ್ಥಾನದಲ್ಲಿ ಅವನು ಕೈಮುಗಿದು ನಿಂತ.

“ಬುದ್ಧೀ, ಬರೀ ಕಲ್ಲು ಚೆಂದವೇ? ಮೇಲೆ ಒಂದು ಕುದುರೆ ಕೆತ್ತಿಸೋಣ. ದಂಡು ಅಲ್ಲಿಂದ ಯಾವ ಕಡೆಗೆ ಹೊರಟಿತೋ ಆ ಕಡೆಗೆ ಕುದುರೆಯ ಮುಖ. ಕೆಳಗೆ ವಾಡಿಕೆಯ ಕತ್ತೆ ಇದ್ದೇ ಇರುತ್ತದಲ್ಲ, ಕಲ್ಲಿನಲ್ಲಿ ಸುಳ್ಳು ಹೇಳಿಸಿದ ದೊರೆಗೆ ಶಾಪ ತಟ್ಟಲೆಂದು.”

ದಳವಾಯಿಯ ಕಿವಿಗೆ ಬಿದ್ದದ್ದು ಕುದುರೆ ಮಾತ್ರ. “ದೊಡ್ಡ ಕುದುರೆಯೇ ಇರಲಿ!” ಎಂದ.

ಕಲ್ಲು ನೆಡುವ ದಿನ ದೊರೆಯೇ ಸಜ್ಜೆಹಟ್ಟಿಗೆ ಬಂದ. ಗುಂಡಿ ತೋಡಿಯಾಗಿತ್ತು. ಕಲ್ಲುಕುಟಿಗ ಉಳಿ ಹಿಡಿದು ಕೇಳಿದ: “ಕುದುರೆ ಮುಖ ಯಾವ ಕಡೀಗೆ ಮಾಡ್ಲಿ ಬುದ್ಧೀ?”

“ಬಡಗಲಿಗೆ! ವೈರಿಯ ಕಡೆಗೆ!” ದಳವಾಯಿ ಗುಡುಗಿದ.

ಸಿರಿಯವ್ವ ತಪ್ಪಲೆಯನ್ನು ದೊರೆಯ ಮುಂದಿಟ್ಟಳು. “ತೆಂಕಲಿಗೆ ಓಡ್ವಾಗ ಇದನ್ನ ಮರ್ತು ಹೋದ್ರಿ ದಳವಾಯಪ್ಪಾ. ಎಷ್ಟು ಕೂಗಿದೆ! ನೀವು ತಿರುಗೀನೂ ನೋಡ್ಲಿಲ್ಲ.”

ತಪ್ಪಲೆಯ ಮೇಲೆ ಅರಮನೆಯ ಮುದ್ರೆಯಿತ್ತು. ದೊರೆ ಅದನ್ನೊಮ್ಮೆ ನೋಡಿದ, ದಳವಾಯಿಯನ್ನೊಮ್ಮೆ ನೋಡಿದ. ದಳವಾಯಿ ನೆಲ ನೋಡಿದ. ಊರವರು ಸೆರಗು, ಶಲ್ಯ ಬಾಯಿಗೆ ಒತ್ತಿಕೊಂಡರು.

ದೊರೆ ವಿದೂಷಕನ ಕಿವಿಯಲ್ಲಿ ಪಿಸುಗುಟ್ಟಿದ: “ಕೊಟ್ರಯ್ಯಾ, ತೆಂಕಲಿಗೆ ಕೆತ್ತಿಸಿದರೆ ಮಾನ ಹೋಗುತ್ತೆ. ಬಡಗಲಿಗೆ ಕೆತ್ತಿಸಿದರೆ ಶಾಪ ನನಗೆ. ಏನಯ್ಯಾ ಮಾಡೋದು?”

ಕೊಟ್ರಯ್ಯ ಊರಿಗೆಲ್ಲ ಕೇಳುವಂತೆ ಉತ್ತರಿಸಿದ: “ಅದಕ್ಯಾಕೆ ಚಿಂತೆ ಬುದ್ಧೀ? ಕುದುರೆ ಬಡಗಲಿಗೇ ಇರಲಿ, ಒಂಟಿಯಾಗಿ. ಕೆಳಗಿನ ಕತ್ತೆಯನ್ನು ತೆಂಕಲಿಗೆ ತಿರುಗಿಸಿ, ಅದರ ಮೇಲೆ ದಳವಾಯಿಗಳನ್ನು ಕೂರಿಸೋಣ!”

ದೊರೆಗೆ ನಕ್ಕೂ ನಕ್ಕೂ ಈ ಸಲ ಹಲ್ಲುನೋವು ನಿಜವಾಗಿಯೇ ಬಂತು. ದವಡೆ ಹಿಡಿದುಕೊಂಡೇ ಅವನು ಕೊಟ್ರಯ್ಯನಿಗೆ ಕೈಕಡಗ ಕೊಟ್ಟ, ಕಲ್ಲನ್ನು ಸಿರಿಯವ್ವನಿಗೆ ಕೊಟ್ಟ. ಅವಳ ಕಣದ ನಡುವೆ ಎತ್ತು ಕಟ್ಟುವ ಮೇಟಿಕಂಬ ಮುರಿದಿತ್ತು. ದಳವಾಯಿ ತೋಡಿಸಿದ ಗುಂಡಿಯಲ್ಲೇ ಆ ಕಲ್ಲನ್ನು ಮೇಟಿಯಾಗಿ ನೆಡಿಸಿ, ಸುತ್ತ ಎತ್ತು ಕಟ್ಟಿ ಜೋಳ ತುಳಿಸಿದಳು.