ಜೆಟ್ಟಿನ ಬಿಸಿ

ಮಾದರಿ ವಿಮಾನಗಳು ಆಕಾಶದಲ್ಲಿ ಲಾಗ ಹಾಕುವ ಪಂದ್ಯ ಅದು, ಅದರಲ್ಲೂ ಹೊಸಬರ ಪಂದ್ಯ. ಮೂತಿಗೆ ಫ್ಯಾನು ಕಟ್ಟಿಕೊಂಡ ಥರ್ಮೊಕೋಲ್ ವಿಮಾನಗಳ ನಡುವೆ ಟರ್ಬೈನು ಹೊತ್ತ ಜೆಟ್ಟೊಂದು ಬಂದು ನಿಂತಿತು. ಹಿರಿಯರ ಪಂದ್ಯದಲ್ಲಿ ಅದು ಮೂರು ವರ್ಷ ಕೊನೆಯ ಸ್ಥಾನದಲ್ಲೇ ಇತ್ತು. ಇಲ್ಲಾದರೂ ಗೆದ್ದು, ನಾಲ್ವರ ನಡುವೆ ಕೂರೋಣ ಎಂಬುದು ಅದರ ಆಸೆ.

ಗೆದ್ದಿತು. ಆದರೆ ಇಳಿದ ಮೇಲೆ, ಬಾಲದ ಬಿಸಿಗೆ ಹುಲ್ಲು ಹೊತ್ತೀತೆಂದು ಅದನ್ನು ಮೈದಾನದ ಆಚೆ ತುದಿಯಲ್ಲಿ ನಿಲ್ಲಿಸಿದರು. ಫ್ಯಾನಿನ ವಿಮಾನಗಳು ಒಂದೇ ಜಮಖಾನದ ಮೇಲೆ ರೆಕ್ಕೆಗೆ ರೆಕ್ಕೆ ತಾಗಿಸಿ ಕೂತು, ತಾವು ಬಿದ್ದ ಕಥೆಗಳನ್ನು ಹೇಳಿಕೊಂಡು ನಗುತ್ತಿದ್ದವು. ಜೆಟ್ಟಿನ ಪಕ್ಕ ಇದ್ದದ್ದು ಬೆಂಕಿ ನಂದಿಸುವ ಕೆಂಪು ಸಿಲಿಂಡರು ಮಾತ್ರ.

“ನೀವೊಬ್ಬರಾದರೂ ನನ್ನ ಜೊತೆಗೆ ನಿಂತಿರಲ್ಲ” ಎಂದಿತು ಜೆಟ್ಟು.

“ಜೊತೆಗಲ್ಲಪ್ಪ, ಕಾವಲಿಗೆ. ಮಕ್ಕಳ ಪಂಕ್ತಿಯಲ್ಲಿ ಕೂತು ಹೋಳಿಗೆಯನ್ನೆಲ್ಲ ಬಾಚಿಕೊಂಡವನ ಪಕ್ಕ ಯಾರು ಕೂರುತ್ತಾರೆ? ನಿನ್ನ ಬಿಸಿ ಆರಿದರೆ ನಾನೂ ಹೊರಟೆ” ಎಂದಿತು ಸಿಲಿಂಡರು.

ಬಿಸಿಲು ಇಳಿಯಿತು. ಜಮಖಾನವನ್ನು ಮಡಿಚಿ ಎಲ್ಲರೂ ಹೊರಟರು.

“ಆರಿತೇನಪ್ಪ?” ಎಂದು ಕೇಳಿತು ಸಿಲಿಂಡರು.

ಜೆಟ್ಟಿನ ಮೈ ಯಾವಾಗಲೋ ತಣ್ಣಗಾಗಿತ್ತು. “ಇನ್ನೂ ಇಲ್ಲ” ಎಂದಿತು ಅದು, “ಸ್ವಲ್ಪ ಹೊತ್ತು ನಿಂತಿರಿ.”