ಬೋರಣ್ಣ ಶಾಲೆ ಅಳೆದದ್ದು

ಹೂಂಗುಟ್ಟುತ್ತಾ ಕೇಳು ಮಗಾ. ನೀನು ನಿದ್ದೆ ಹೋದರೆ ಕತೆಯೂ ಮಲಗಿಬಿಡುತ್ತದೆ.

ಒಂದೂರಿನ ಸರ್ಕಾರಿ ಶಾಲೆಯಲ್ಲಿ ಸಣ್ಣೀರಮ್ಮ ಅಂತ ಬಿಸಿಯೂಟದ ಅಡುಗೆಯವಳು. ಅವಳಿಗೊಬ್ಬ ಮಗ, ಬೋರಣ್ಣ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು.

ಒಂದು ದಿನ ಹೆಡ್ ಮೇಡಂ ಅಂದರು, "ಸಣ್ಣೀರಮ್ಮ, ಸೋಮವಾರ ಸಾಹೇಬರು ಬರ್ತಾರೆ. ಶಾಲೆಗೆ ಎಷ್ಟು ಮಕ್ಕಳು ಹಿಡಿಸ್ತಾರೆ, ಹೊಸ ಕಾಲದ ಪಾಠಕ್ಕೆ ಕಟ್ಟಡ ಆಗುತ್ತಾ ಅಂತ ನೋಡ್ತಾರೆ. ಆಗಲ್ಲ ಅಂದ್ರೆ ಬೀಗ. ಮಕ್ಕಳು ಹೆದ್ದಾರಿ ದಾಟಿ ಪಕ್ಕದೂರಿಗೆ ಹೋಗಬೇಕು."

ಶಾಲೆಗೆ ಬೀಗ ಬಿದ್ದರೆ ಇವಳ ಒಲೆಗೂ ನೀರು ಬಿದ್ದಂತೆ. ಸಣ್ಣೀರಮ್ಮ ಮಗನನ್ನು ಓಡಿಸಿದಳು. "ಹೋಗೋ, ಒಂದು ಕೋಣೆಗೆ ಎಷ್ಟು ಮಕ್ಕಳು ಹಿಡಿಸ್ತಾರೆ ನೋಡ್ಕೊಂಡು ಬಾ!"

ಹೋದ. ಮಕ್ಕಳನ್ನು ಒಳಗೆ ತುರುಕಿದ. ನೆಲ ತುಂಬಿತು, ಬೆಂಚು ತುಂಬಿತು, ಬೀರುವಿನ ಮೇಲೆ ಮೂವರು.

"ಅವ್ವಾ, ನೂರಾ ಎಂಟು! ಬಾಗಿಲು ಹಾಕೋಕಾಗ್ತಿಲ್ಲ, ನೀನೂ ಬಂದು ಒತ್ತು!"

"ಅಯ್ಯೋ ಪೆದ್ದೇ! ಮೊದಲು ಖಾಲಿ ಮಾಡ್ಬೇಕು, ಆಮೇಲೆ ಅಳೀಬೇಕು!"

"ಹಂಗೇ ಆಗ್ಲಿ ಅವ್ವಾ."

ಮಾರನೇ ದಿನ ಮೇಡಂ ನೀರಿನ ಟ್ಯಾಂಕು ಅಳೆ ಅಂದರು. ಹೋದ. ಮೊದಲು ಖಾಲಿ ಮಾಡಿದ. ಅಂಗಳವೆಲ್ಲ ಕೆಸರು. ಒಲೆಯ ಮೇಲೆ ಬೇಳೆ ಅರ್ಧ ಬೆಂದು ಕೂತಿತು.

"ಅಯ್ಯೋ ನನ್ನ ಕರ್ಮವೇ! ಏನನ್ನೂ ಮುಟ್ಟಬೇಡ ಕಣೋ! ಹಳೇದು, ಬಿರುಕು ಬಿಟ್ಟಿದ್ದು, ಹೊಸ ಪಾಠಕ್ಕೆ ಬಾರದ್ದು ಕಂಡ್ರೆ ಸುಣ್ಣದಲ್ಲಿ ದೊಡ್ಡ ಇಂಟು ಮಾರ್ಕ್ ಹಾಕು, ಸಾಕು. ಸರ್ಕಾರದವರು ಅದನ್ನ ತೆಗೆದು ಹೊಸದು ಕೊಡ್ತಾರೆ!"

"ಹಂಗೇ ಆಗ್ಲಿ ಅವ್ವಾ."

ಹೋದ. ಮುರಿದ ಕಿಟಕಿಗೆ ಹಾಕಿದ. ಸೀಳಿದ ಬೋರ್ಡಿಗೆ ಹಾಕಿದ. ಒಂದೂ ತಪ್ಪಿಲ್ಲ! ಬೈಯಲು ಏನೂ ಸಿಗದೆ ಸಣ್ಣೀರಮ್ಮ ತಬ್ಬಿಬ್ಬಾದಳು.

ಸೋಮವಾರ ಸಾಹೇಬರು ಬಂದರು. ತಲೆ ನರೆತಿತ್ತು, ಕನ್ನಡಕ ಬಿರುಕು ಬಿಟ್ಟಿತ್ತು. ಟ್ಯಾಬನ್ನು ತಿರುಗಿಸಿ ಮುರುಗಿಸಿ, "ಈ ಹೊಸದೆಲ್ಲ ನನ್ನ ತಲೆಗೆ ಹತ್ತಲ್ಲಮ್ಮಾ" ಅಂತ ಮೇಡಂ ಕೈಗೆ ಕೊಟ್ಟರು. ಶಾಲೆಯೆಲ್ಲ ಸುತ್ತಿದರು. "ಗೋಡೆ ಗಟ್ಟಿ ಇದೆ. ಗುರುತು ಹಾಕಿದ್ದಷ್ಟನ್ನು ಬದಲಾಯಿಸೋಣ. ಶಾಲೆ ಉಳೀಲಿ." ಮೇಜಿನ ಮೇಲೆ ಬಗ್ಗಿ ಸಹಿ ಹಾಕಿದರು.

ಸಣ್ಣೀರಮ್ಮ ಎರಡೂ ಕೈಯೆತ್ತಿ ಮುಗಿದಳು. ಸಾಹೇಬರು ಜೀಪಿನ ಕಡೆ ತಿರುಗಿದರು. ಎತ್ತಿದ ಕೈ ಹಾಗೇ ನಿಂತಿತು. ಕರೀ ಕೋಟಿನ ಬೆನ್ನಿಗೆ, ಹೆಗಲಿಂದ ಸೊಂಟದವರೆಗೆ, ಬೆಳ್ಳಗೆ ಇಂಟು ಮಾರ್ಕು!

ಜೀಪು ಹೋಯಿತು.

"ಏನೋ ಮಾಡಿದೆ, ಮನೆಹಾಳ!"

ಬೋರಣ್ಣ ಸುಣ್ಣದ ಡಬ್ಬಿ ಕೆಳಗಿಟ್ಟ. "ನೀನೇ ಹೇಳಿದ್ದಲ್ಲವ್ವಾ? ಹೊಸ ಸಾಹೇಬರನ್ನ ಯಾವಾಗ ಕೊಡ್ತಾರೆ?"